ರಕ್ತದಾಗ ಐತ್ರಿ

ನಮ್ಮ ಚಿಂಚಲಿಯಲ್ಲಿ ಯಾರಾದರೂ ಚೆನ್ನಾಗಿ ಹಾಡಲಿ, ಬಾರಿಸಲಿ, ಕೊನೆಗೆ ಚೆನ್ನಾಗಿ ಸುಳ್ಳೇ ಹೇಳಲಿ, ಜನ ಕೊಡುವ ತೀರ್ಪು ಒಂದೇ: “ಅವರ ರಕ್ತದಾಗಽ ಐತ್ರಿ.” ಈ ಮಾತಿನಲ್ಲಿ ಹೊಗಳಿಸಿಕೊಂಡವನಿಗಿಂತ ಹೊಗಳಿದವನಿಗೇ ಸುಖ ಜಾಸ್ತಿ. ಅವನ ರಕ್ತದಲ್ಲಿದೆ ಎಂದಮೇಲೆ ಅವನು ಪಟ್ಟ ಪಾಡು ವಿಚಾರಿಸಬೇಕಿಲ್ಲ. ನಮ್ಮ ರಕ್ತದಲ್ಲಿಲ್ಲ ಎಂದಮೇಲೆ ನಾವು ಬೆಳಗ್ಗೆ ಬೇಗ ಏಳಬೇಕಿಲ್ಲ. ಲೆಕ್ಕ ಚುಕ್ತಾ.

ಭರತ ಹುಣ್ಣಿಮೆಯ ಮಾಯಕ್ಕನ ಜಾತ್ರೆಯಲ್ಲಂತೂ ಈ ತೀರ್ಪು ಹೆಜ್ಜೆಗೊಂದು ಸಿಗುತ್ತದೆ. ಸಾಂಗಲಿ, ಕೊಲ್ಲಾಪುರ, ಸೊಲ್ಲಾಪುರದ ಕಡೆಯ ಧನಗರರು, ನಮ್ಮ ಕಡೆಯ ಹಾಲುಮತದವರು ಚಕ್ಕಡಿ, ಟ್ರ್ಯಾಕ್ಟರು, ರೈಲು ಅಂತ ಸಿಕ್ಕಿದ್ದರಲ್ಲಿ ಬಂದಿಳಿಯುತ್ತಾರೆ. ‘ಚಾಂಗಭಲಂ’ ಎಂಬ ಕೂಗಿಗೆ ಗಡಿಯೂ ಇಲ್ಲ, ಭಾಷೆಯ ತಂಟೆಯೂ ಇಲ್ಲ. ತೂರಿದ ಭಂಡಾರಕ್ಕೆ ಅಂಗಿ, ಮೀಸೆ, ಚಹದ ಕಪ್ಪು ಎಲ್ಲ ಹಳದಿ. ನಡುವೆ ಡೊಳ್ಳು. ಅದರ ಸದ್ದನ್ನು ಕಿವಿಗಿಂತ ಮೊದಲು ಹೊಟ್ಟೆ ಕೇಳಿಸಿಕೊಳ್ಳುತ್ತದೆ.

ನಿವೃತ್ತನಾದ ಮೇಲೆ ನನಗೂ ಡೊಳ್ಳು ಕಲಿಯುವ ಚಟ ಹತ್ತಿತು. ನಮ್ಮ ಓಣಿಯಲ್ಲೇ ಕುರಿ ಕಾಯುವ ಕಾಕಾ ಒಬ್ಬರಿದ್ದಾರೆ. ಸುತ್ತಲಿನ ಊರಿಗೆಲ್ಲ ಅವರ ಮೇಳವೆಂದರೆ ಮೇಳ. ನಾನು ಹೊಸ ನೋಟುಬುಕ್ಕು, ಎರಡು ಬಣ್ಣದ ಪೆನ್ನು ಹಿಡಿದು ಹೋದೆ. ಮಾಸ್ತರಿಕೆಯ ರೂಢಿ, ಬಿಟ್ಟರೂ ಬಿಡದು. “ಕಾಕಾ, ದಿನಾ ಎಷ್ಟು ತಾಸು ಪ್ರಾಕ್ಟೀಸ್ ಮಾಡಬೇಕು?” ಅಂದೆ.

“ಪ್ರಾಕ್ಟೀಸ್ ಅಂದ್ರ ಏನ್ರೀ ಮಾಸ್ತರ? ನಾ ಎಂದೂ ಮಾಡಿಲ್ಲ ಬಿಡ್ರಿ. ಎಲ್ಲಾ ಆ ಮಾಯವ್ವ ಕೊಟ್ಟಿದ್ದು.”

ನನಗೆ ಎದೆ ಒಡೆಯಿತು. ಮಾಯವ್ವ ನನ್ನ ಸರದಿಯ ಹೊತ್ತಿಗೆ ಬಾಗಿಲು ಹಾಕಿಬಿಟ್ಟಳೇನೋ. ಆದರೂ ಕೂತೆ. ಕಾಕಾ ಮಾತಾಡುತ್ತಲೇ ಡೊಳ್ಳನ್ನು ಸಜ್ಜು ಮಾಡತೊಡಗಿದರು. ಚಳಿಗೆ ತೊಗಲು ಸಡಿಲಾಗಿತ್ತು. ಕಬ್ಬಿನ ರವದಿಗೆ ಬೆಂಕಿ ಹಚ್ಚಿ, ಡೊಳ್ಳನ್ನು ಓರೆಯಾಗಿ ಹಿಡಿದು ಕಾಯಿಸಿದರು. ಹಗ್ಗ ಜಗ್ಗಿ ಬಿಗಿ ಮಾಡಿದರು. ಬೆರಳ ತುದಿಯಿಂದ ಅಂಚಿಗೊಮ್ಮೆ ನಡುವಿಗೊಮ್ಮೆ ತಟ್ಟಿ, ತಲೆ ಅಲ್ಲಾಡಿಸಿ, ಮತ್ತೆ ಕಾಯಿಸಿದರು. ನನ್ನ ಕಿವಿಗೆ ಎರಡೂ ಸಲ ಒಂದೇ ‘ಧಂ’. ಅವರಿಗೆ ಮಾತ್ರ ಇನ್ನೂ ಏನೋ ಕೊರೆ.

ಹೀಗೆ ಕಾಯಿಸುತ್ತಾ ಅವರು ಬಿಟ್ಟ ಮಾತುಗಳನ್ನು ನಾನು ಕೂಡಿಸುತ್ತಾ ಹೋದೆ. ಹುಡುಗರಿದ್ದಾಗ ಕುರಿಹಟ್ಟಿಯಲ್ಲಿ ಅಪ್ಪನ ಡೊಳ್ಳಿಗೆ ತಲೆಕೊಟ್ಟು ಮಲಗುತ್ತಿದ್ದರಂತೆ. ಹಗಲೆಲ್ಲ ಕುರಿ ಹಿಂದೆ ಎಣ್ಣೆಡಬ್ಬಿ ಬಡಿಯುವುದೇ ಕೆಲಸ. ಆಮೇಲೆ ಜಾತ್ರೆಯಿಂದ ಜಾತ್ರೆಗೆ ದೊಡ್ಡವರ ಡೊಳ್ಳು ಹೊತ್ತದ್ದು. ಅದಾದ ಮೇಲೆ ಬರೀ ತಾಳ, ಅದೂ ವರ್ಷಗಟ್ಟಲೆ. ಎರಡು ಮೇಳದ ನಡುವೆ ರಾತ್ರಿಯೆಲ್ಲ ಡೊಳ್ಳಿನ ಪದದ ಸವಾಲ್-ಜವಾಬ್ ನಡೆದರೆ ತಾಳದವನು ತೂಕಡಿಸುವಂತಿಲ್ಲ. ತೂಕಡಿಸಿದರೆ ಹಿಂದಿನಿಂದ ಮೊಣಕಾಲು ಬೀಳುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಕೋಲು ಕೈಗೆ ಬಂದಿದೆ. ಮತ್ತೆ ಕೇಳಿದೆ: “ಪ್ರಾಕ್ಟೀಸ್?” “ಇಲ್ರೀ, ಹೇಳಿದ್ನಲ್ಲಾ.”

ರಕ್ತದ ವಿಚಾರಕ್ಕೆ ಬಂದರೆ ನಮ್ಮ ಸ್ಟೇಶನ್ನಿನಲ್ಲಿ ರೈಲು ಹತ್ತಿ ಕುಡಚಿ, ಉಗಾರ, ಶೇಡಬಾಳ ದಾಟಿ ಮಿರಜದಲ್ಲಿ ಇಳಿಯಬೇಕು. ಅಲ್ಲಿ ತಂಬೂರಿ, ಸಿತಾರ ಮಾಡುವ ಓಣಿಯಿದೆ. ಸೋರೆಬುರುಡೆಗಳು ಗೋಡೆಗುಂಟ ತೂಗಾಡುತ್ತಿರುತ್ತವೆ. ಹಿಂದೂಸ್ತಾನಿ ಸಂಗೀತದ ದೊಡ್ಡ ದೊಡ್ಡವರ ಬೆನ್ನ ಹಿಂದೆ ಮೊರೆದ ತಂಬೂರಿಗಳು ಈ ಮನೆಗಳವು. ನೋಡಿದವರು ಅಲ್ಲೂ ‘ರಕ್ತ’ ಎನ್ನುತ್ತಾರೆ. ಆದರೆ ಈ ಮನೆಗಳ ಶಿಕಲಗಾರರ ಹಿರೀಕರು ಕತ್ತಿ ಮಸೆಯುವವರು! 19ನೇ ಶತಮಾನದಲ್ಲಿ ಕತ್ತಿಯ ಕಾಲ ಮುಗಿದು ಹೊಟ್ಟೆಗೆ ತ್ರಾಸಾದಾಗ ಅವರಲ್ಲೊಬ್ಬರಾದ ಫರೀದಸಾಹೇಬರು ವಾದ್ಯಕ್ಕೆ ಕೈಹಾಕಿದರು. ರಕ್ತದಲ್ಲಿ ಇದ್ದದ್ದು ಕತ್ತಿ, ಕೈಗೆ ಬಂದದ್ದು ತಂಬೂರಿ.

ಹಾಗಂತ ಪ್ರತಿಭೆ ಎಂಬುದೇ ಸುಳ್ಳು ಎನ್ನಲು ಧೈರ್ಯ ಸಾಲದು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಹಾಲುಹಲ್ಲು ಬೀಳುವ ವಯಸ್ಸಿಗೇ ಗ್ರಾಮೊಫೋನ್ ತಟ್ಟೆಯ ಗಾಯನವನ್ನು ಇದ್ದದ್ದು ಇದ್ದಂತೆ ಒಪ್ಪಿಸುತ್ತಿದ್ದ. ನೋಡಿ ಬೆರಗಾದ ಸ್ವಾಮಿಗಳು ‘ಕುಮಾರ ಗಂಧರ್ವ’ ಎಂದೇ ಕರೆದರು. ಆ ವಯಸ್ಸಿನಲ್ಲಿ ನಾನು ಮಗ್ಗಿ ಒಪ್ಪಿಸಿದರೆ ಮಾಸ್ತರರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆದರೆ ಈ ಗಂಧರ್ವನನ್ನೂ 1936ರಲ್ಲಿ ಮುಂಬೈಗೆ ಕರೆದೊಯ್ದು ಬಿ. ಆರ್. ದೇವಧರರ ಶಾಲೆಗೆ ಹಾಕಿದರು. ಆತ ಅಲ್ಲಿ ವರ್ಷಾನುಗಟ್ಟಲೆ ಕೂತು ಕಲಿತ. ಮುಂದೆ ಕ್ಷಯ ತಗುಲಿ ದೇವಾಸದಲ್ಲಿ ಹಾಸಿಗೆ ಹಿಡಿದು, ಹಾಡುವುದೇ ನಿಂತು, ಎದ್ದ ಮೇಲೆ ಉಸಿರು ಬಂದಷ್ಟರಲ್ಲೇ ಹೊಸ ಬಗೆಯಲ್ಲಿ ಹಾಡಿದರು. ಗಂಧರ್ವರಿಗೇ ಇಷ್ಟು ದುಡಿತವಾದರೆ ನಮ್ಮಂಥ ನರಮಾನವರ ಕಥೆ ಏನು?

ಕಾಕಾನ ಮನೆಯಲ್ಲೇ ನೋಡಿ. ಇಬ್ಬರು ಮಕ್ಕಳು, ಒಂದೇ ಹಟ್ಟಿ, ಒಂದೇ ಎಣ್ಣೆಡಬ್ಬಿ, ಒಂದೇ ಮೊಣಕಾಲಿನ ಏಟು. ದೊಡ್ಡವನ ಕೈ ಬಿದ್ದರೆ ನಿಂತವರ ಕಾಲು ತಾನಾಗಿ ಕುಣಿಯುತ್ತದೆ. ಸಣ್ಣವನ ಪೆಟ್ಟು ಮಾತ್ರ ತಾಳಕ್ಕಿಂತ ಒಂದು ಉಸಿರು ಹಿಂದೆ, ನಮ್ಮ ಪ್ಯಾಸೆಂಜರ್ ರೈಲಿನ ಹಾಗೆ. ಅವನು ಈಗ ಡಿಜೆ ಬಾಡಿಗೆಗೆ ಕೊಡುತ್ತಾನೆ. ಮನೆಯಲ್ಲಿ ಹೆಚ್ಚು ಗಳಿಸುವವನು ಅವನೇ.

ನಾನೂ ಬಿಡಲಿಲ್ಲ. ದಿನಾ ಸಂಜೆ ಪಡಸಾಲೆಯಲ್ಲಿ ಗಡಿಯಾರ ಇಟ್ಟುಕೊಂಡು ಬಾರಿಸಿದೆ. ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎಂಬ ಗಾದೆಯ ಮೊದಲರ್ಧ ನನಗೆ ಫಲಿಸುವ ಮೊದಲೇ ಎರಡನೆಯರ್ಧ ನಮ್ಮ ಮನೆಯವಳಿಗೆ ಫಲಿಸಿತು. ಬಾಜೂ ಮನೆಯ ಎಮ್ಮೆ ಆ ಹೊತ್ತಿಗೆ ಹಾಲು ಹಿಂಡಗೊಡಲಿಲ್ಲ. ನೋಟುಬುಕ್ಕು ಮಾತ್ರ ಬಹಳ ಅಚ್ಚುಕಟ್ಟಾಗಿ ತುಂಬಿತು.

ಕೊನೆಗೆ ಕಾಕಾ ಒಂದು ದಿನ ನನ್ನದನ್ನು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಎಲೆಯಡಿಕೆ ಅಗಿದು, “ಮಾಸ್ತರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಯಾರು ಎಲ್ಲಿ ತಪ್ಪಿದ್ರು ಅಂಬೋದು ನಿಮಗ ಚಲೋ ತಿಳೀತದ” ಅಂದರು. ಅದು ಹೇಗೋ ಊರಲ್ಲಿ ಹಬ್ಬಿತು. ಈ ಸಲದ ಡೊಳ್ಳಿನ ಪದದ ಸ್ಪರ್ಧೆಗೆ ನನ್ನನ್ನು ನಿರ್ಣಾಯಕನನ್ನಾಗಿ ಮಾಡಿದ್ದಾರೆ. ಶಾಲು, ಹಾರ, ಮುಂದಿನ ಸಾಲಿನ ಕುರ್ಚಿ. ಪಕ್ಕದ ಕುರ್ಚಿಯವರೂ ನಿವೃತ್ತ ಮಾಸ್ತರರೇ. ಅವರಿಗೂ ಬಾರಿಸಲು ಬರುವುದಿಲ್ಲ.