ಬೆಂಕಿ ರೋಗಕ್ಕೆ ಪೈರಿನ ಜವಾಬು

"ಅಲ್ಲ ಮೇಷ್ಟ್ರೆ, ದನಕ್ಕೆ ಕಾಯ್ಲೆ ಬಂದ್ರೆ ಮೇವು ಬುಡ್ತದೆ, ಮನ್ಸುಂಗೆ ಬಂದ್ರೆ ಕಂಬ್ಳಿ ಹೊದ್ಕೊಂಡು ಮಲಗ್ತಾನೆ. ಈ ಭತ್ತ ಏನೂ ಮಾಡ್ದೆ ಸುಮ್ಕೆ ನಿಂತಿರ್ತದಲ್ಲ!"

ಬೇಲಿಯಾಚೆ ಗೌಡರು ಭತ್ತಕ್ಕೆ ಬೈಯುವುದಕ್ಕೆ ಕಾರಣವಿತ್ತು. ರಾತ್ರಿ ತಂಪು, ಬೆಳಗ್ಗೆ ಮಂಜು, ಹಗಲೆಲ್ಲ ಮೋಡ. ಗರಿಗಳ ಮೇಲೆ ನಡುವೆ ಬೂದಿ, ಅಂಚಿಗೆ ಕಂದು, ಎರಡೂ ತುದಿ ಚೂಪಾದ ಮಚ್ಚೆಗಳು. ಬೆಂಕಿ ರೋಗವೆಂದು ಹೇಳಲು ಯಾರೂ ಬೇಕಿರಲಿಲ್ಲ.

ನನಗೋ, ಕೆಲಸದಿಂದ ನಿವೃತ್ತಿ ಸಿಕ್ಕಿದರೂ ಪಾಠ ಹೇಳುವ ಚಟದಿಂದ ಸಿಕ್ಕಿಲ್ಲ. "ಸುಮ್ಮನೆ ನಿಂತಿಲ್ಲ ಗೌಡ್ರೆ, ಬಡಿದಾಡ್ತಾ ಇದೆ. ನಮಗೆ ಕಾಣಲ್ಲ, ಅಷ್ಟೆ."

"ಕಾಣ್ದಿದ್ ಬಡಿದಾಟ ಕೋರ್ಟಲ್ಲಿ ನಿಲ್ಲಲ್ಲ ಬುಡಿ."

ಸರಿ, ಸಾಕ್ಷಿ ಒದಗಿಸಲೇಬೇಕಾಯಿತು. ಮೊದಲು ಎದುರಾಳಿಯ ವಿಚಾರ. ಗಾಳಿಯಲ್ಲಿ ತೇಲಿ ಬಂದ ಬೂಷ್ಟಿನ ಬೀಜಕ ಒದ್ದೆ ಗರಿಗೆ ಅಂಟಿಕೊಂಡು ಮೊಳೆಯುತ್ತದೆ. ಮೊಳಕೆಯ ತುದಿ ಗುಂಡಗೆ ಉಬ್ಬಿ, ನೀರು ಎಳೆದುಕೊಂಡು, ಆ ಒತ್ತಡದಿಂದಲೇ ಗರಿಯೊಳಕ್ಕೆ ಸಣ್ಣ ಮೊನೆಯೊಂದನ್ನು ತೂರಿಸುತ್ತದೆ. ಕಾರಿನ ಟೈರಿನಲ್ಲಿರುವ ಒತ್ತಡದ ಸುಮಾರು 40 ಪಟ್ಟಿನವರೆಗೂ ಅದು ಏರಬಲ್ಲದು.

"ಪಂಚರ್ ಆಗಲ್ವಾ?" ಅಂದರು ಗೌಡರು.

ಎಷ್ಟೋ ವರ್ಷ ಪಾಠ ಹೇಳಿದರೂ ಇಷ್ಟು ನೇರ ಪ್ರಶ್ನೆ ಬಂದದ್ದು ಕಡಿಮೆ. ಪಂಚರ್ ಆಗದಿರಲೆಂದೇ ಆ ಉಬ್ಬಿನ ಗೋಡೆಗೆ ಮೆಲನಿನ್ ಎಂಬ ಕಪ್ಪು ಲೇಪವಿರುತ್ತದೆ. ಗೌಡರು ಸಿಂಪಡಿಸುವ ಟ್ರೈಸೈಕ್ಲಜೋಲ್ ಮಾಡುವುದಿಷ್ಟೆ: ಆ ಕಪ್ಪು ತಯಾರಾಗಲು ಬಿಡುವುದಿಲ್ಲ. ಒತ್ತಡ ನಿಲ್ಲದೆ ಮೊನೆ ಒಳಗಿಳಿಯುವುದಿಲ್ಲ. "ಅಂದ್ರೆ ನಾನು ಅಷ್ಟು ದುಡ್ ಕೊಟ್ಟು ತಂದಿದ್ದು ಮೊಳೆ ಅನ್ನಿ!" ಎಂದು ಗೌಡರು ನಕ್ಕರು.

ಇನ್ನು ಭತ್ತದ ಸರದಿ. ಗದ್ದೆಗಿಳಿದರೆ ಗರಿ ಗೀರಿ ಕೈಕಾಲು ಉರಿಯುತ್ತದಲ್ಲ, ಅದು ಸಿಲಿಕಾ, ಮರಳಿನಲ್ಲಿರುವ ವಸ್ತುವೇ. ಬೇರು ಅದನ್ನು ಮಣ್ಣಿನಿಂದ ಹೀರಿ ಗರಿಯ ಮೈಗೆ ಸೇರಿಸುತ್ತದೆ. ಒಣ ತೂಕದಲ್ಲಿ ನೂರಕ್ಕೆ 10 ಪಾಲಿನವರೆಗೂ. ಇದನ್ನು ದಾಟಿ ಮೊನೆ ಒಳಬಂದರೆ ಭತ್ತದ ಜೀವಕೋಶ ಅದನ್ನು ಪತ್ತೆ ಮಾಡುವುದು ಕೈಟಿನ್‌ನಿಂದ. ಬೂಷ್ಟಿನ ಗೋಡೆಯಲ್ಲಿ ಕೈಟಿನ್ ಉಂಟು, ಭತ್ತದಲ್ಲಿಲ್ಲ. ಅದರ ಚೂರು ತಗುಲಿದ್ದೇ ತಡ, ಕೈಟಿನ್ ಕಡಿಯುವ ಕಿಣ್ವ, ತೂತು ಬೀಳುವ ಜಾಗಕ್ಕೆ ಹೊಸ ಮೆತ್ತು, ಬೂಷ್ಟಿಗೆ ವಿಷವಾಗುವ ರಸಗಳು, ಎಲ್ಲವೂ ಶುರು. ನಮ್ಮ ಹಾಗೆ ರಕ್ತದಲ್ಲಿ ಓಡಿಬಂದು ಕಾಪಾಡುವ ಕಣಗಳು ಗಿಡಕ್ಕಿಲ್ಲ. ಮೊನೆ ಚುಚ್ಚಿದ ಕೋಶವೇ ನಿಂತು ಎದುರಿಸಬೇಕು.

ಅದೂ ಸಾಲದಿದ್ದರೆ ಕೋಶ ತಾನೇ ಸಾಯುತ್ತದೆ. ಈ ಬೂಷ್ಟಿಗೆ ಮೊದಮೊದಲು ಬದುಕಿರುವ ಕೋಶವೇ ಬೇಕು. ಸತ್ತದ್ದರಲ್ಲಿ ಅದು ಬೇರೂರಲಾರದು. ನನ್ನ ಮಡಿಯ ನಿರೋಧಕ ತಳಿಯ ಗರಿಯೊಂದನ್ನು ಕಿತ್ತು ತೋರಿಸಿದೆ. ಗುಂಡುಸೂಜಿಯ ತಲೆಯಷ್ಟು ಕಂದು ಚುಕ್ಕೆಗಳು.

"ನಿಮ್ದುಕ್ಕೂ ಬಂದದಲ್ಲ!" ಗೌಡರ ಮುಖ ಅರಳಿತು. ಅದು ರೋಗವಲ್ಲ, ರೋಗ ಅಲ್ಲಿಗೇ ನಿಂತ ಗುರುತು ಎಂದಾಗ ಅಷ್ಟೇ ಬೇಗ ಬಾಡಿತು.

"ಹಂಗಾರೆ ನಂದ್ಯಾಕೆ ಸೋತದೆ?"

ಅಮೆರಿಕದ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲಿ ಅಗಸೆ ಗಿಡ ಮತ್ತು ಅದರ ತುಕ್ಕು ರೋಗವನ್ನು ಇಟ್ಟುಕೊಂಡು ಕಂಡದ್ದೇ ಇದಕ್ಕೆ ಅರ್ಧ ಉತ್ತರ. ಗಿಡದ ಒಂದು ತಡೆಯುವ ಜೀನಿಗೆ ಬೂಷ್ಟಿನಲ್ಲಿ ಜೋಡಿಯಾಗಿ ಒಂದು ಜೀನು. ಬೂಷ್ಟು ಅದನ್ನು ಕಳಚಿಯೋ ಬದಲಿಸಿಯೋ ಬಂದರೆ ಗಿಡಕ್ಕೆ ಗುರುತೇ ಸಿಗದು. ರೋಗವೇ ಬರದೆಂದು ಕೊಂಡಾಡಿದ ತಳಿ ಕೆಲವೇ ವರ್ಷಗಳಲ್ಲಿ ಮಲಗುವುದು ಹೀಗೆ.

"ಇನ್ನರ್ಧ?"

"ಯೂರಿಯಾ ಎಷ್ಟು ಹಾಕಿದ್ರಿ?"

ಗೌಡರು ಆಕಾಶ ನೋಡಿದರು. "ಆಕೋವಷ್ಟು ಆಕಿವ್ನಿ."

ಸಾರಜನಕ ಹೆಚ್ಚಾದರೆ ಗರಿ ಮೆತ್ತಗಾಗುತ್ತದೆ, ಸಿಲಿಕಾ ತೆಳುವಾಗುತ್ತದೆ, ತೆಂಡೆ ಒತ್ತಾಗಿ ಮಂಜು ಬೇಗ ಆರುವುದಿಲ್ಲ. ಗದ್ದೆಯ ಕಡುಹಸಿರು ನೋಡಿ ನಾವು ಹಿಗ್ಗುವಷ್ಟೇ ಬೂಷ್ಟೂ ಹಿಗ್ಗುತ್ತದೆ. ರಾಗಿಯದೂ ಇದೇ ಕತೆ. ಕಂದು ರಾಗಿಗೆ ಬಣ್ಣ, ಒಗರು ಕೊಡುವ ಫೀನಾಲುಗಳು ಬೂಷ್ಟಿಗೆ ಆಗಿಬರುವುದಿಲ್ಲ. ಬಿಳಿ ರಾಗಿಯಲ್ಲಿ ಅವು ಕಡಿಮೆ, ಬೆಂಕಿ ರೋಗ ಸಾಮಾನ್ಯವಾಗಿ ಜಾಸ್ತಿ. ಬೆಂಗಳೂರಿನ ಜಿಕೆವಿಕೆಯಿಂದ ಬಂದು ಬೆಂಕಿ ರೋಗ ತಡೆಯುವುದಕ್ಕೇ ಹೆಸರಾದ ಜಿಪಿಯು-28 ಕಂದು ರಾಗಿಯೇ. ನಾವೋ ಮುದ್ದೆ ಬೆಳ್ಳಗಿರಲಿ ಅನ್ನುತ್ತೇವೆ.

ರುಚಿಯ ಮಾತು ಬಂದಾಗ ಜಪಾನಿನದನ್ನು ಹೇಳದಿರಲಾಗಲಿಲ್ಲ. ಅಲ್ಲಿನ ಒಣಹೊಲದ ಭತ್ತವೊಂದಕ್ಕೆ ಬೆಂಕಿ ರೋಗವನ್ನು ಬಹುಕಾಲ ತಾಳುವ ಗುಣವಿತ್ತು. ಮಾಮೂಲಿ ಭತ್ತದಲ್ಲಿ ರಕ್ಷಣೆಗೆ ಕಡಿವಾಣ ಹಾಕುವ ಜೀನೊಂದು ಇದರಲ್ಲಿ ಸಡಿಲವಾಗಿತ್ತು. ಆದರೆ ಆ ಗುಣವನ್ನು ಒಳ್ಳೆಯ ತಳಿಗೆ ತಂದರೆ ಅನ್ನದ ರುಚಿ ಕೆಡುತ್ತಿತ್ತು. ಆ ಜೀನಿನ ಪಕ್ಕದಲ್ಲೇ ರುಚಿ ಕೆಡಿಸುವ ಜೀನೊಂದು ಕುಳಿತಿದೆಯೆಂದು, ಎರಡನ್ನೂ ಬೇರ್ಪಡಿಸಬಹುದೆಂದು 2009ರಲ್ಲಿ ವಿಜ್ಞಾನಿಗಳು ತೋರಿಸಿದರು.

"ಪಕ್ಕದ್ಮನೆಯೋರ ದೆಸೆಯಿಂದ ಕೆಟ್ಟ ಹೆಸರು," ಎಂದು ಗೌಡರು ನನ್ನನ್ನೇ ನೋಡಿದರು.

ಕೇಳದವನಂತೆ ಮುಂದುವರಿದೆ: "ಬಡಿದಾಡೋಕೆ ಪೈರಿಗೆ ಗೊತ್ತು ಗೌಡ್ರೆ. ಮೆತ್ತಗಿರ್ಲಿ, ಬೆಳ್ಳಗಿರ್ಲಿ, ಮೂಟೆ ಜಾಸ್ತಿ ಆಗ್ಲಿ ಅಂತ ಅದರ ಕೈ ಕಟ್ಟೋರು ನಾವು."

"ಮಿಲ್ನೋನು ಎಷ್ಟು ಬಡಿದಾಡ್ತು ಅಂತ ಕೇಳಲ್ಲ ಮೇಷ್ಟ್ರೆ, ಎಷ್ಟು ಕ್ವಿಂಟಾಲು ಅಂತಾನೆ."

ಆ ಮಾತಿಗೆ ನನ್ನ ಪಾಠದಲ್ಲಿ ಉತ್ತರವಿಲ್ಲ. ಕೊನೆಗೆ, ಬರುವ ಹಂಗಾಮಿಗೆ ಒಂದು ಮಡಿಗೆ ಯೂರಿಯಾ ಕಮ್ಮಿ ಮಾಡಿ ನೋಡಲು ಗೌಡರು ಒಪ್ಪಿದರು. ಕರಾರು ಒಂದೇ: ಇಳುವರಿ ಕುಗ್ಗಿದರೆ ನನ್ನ ಕಣದಿಂದ ತುಂಬಿಕೊಡಬೇಕು. ಆಗಲಿ, ಹೆಚ್ಚಿಗೆ ಬಂದದ್ದು ಬೇಲಿಯೀಚೆಗೆ ಬರಲಿ ಅಂದೆ.

"ಅದೆಂಗಾದಾತು? ಬೇಲಿ ಅಂದ್ಮೇಲೆ ಬೇಲಿ ಮೇಷ್ಟ್ರೆ," ಎಂದು ಗೌಡರು ಪಂಪು ಹೆಗಲಿಗೇರಿಸಿದರು.