ದೀರ್ಘಪದಾನ್ವೇಷಣಶಾಸ್ತ್ರ: ಒಂದು ತ್ರಿತಾಲೂಕು ಅನುಸಂಧಾನ

ಪೀಠಿಕೆ: ನಿರ್ದಿಷ್ಟ ವರ್ಣಗಳನ್ನು ಗರ್ಭದಲ್ಲಿ ಧರಿಸಿದ ಸುದೀರ್ಘ ಆಂಗ್ಲಪದಗಳ ಶೋಧವು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ರಾತ್ರಿ ಎಂಟರಿಂದ ಹತ್ತರವರೆಗಿನ ಸಾಂಸ್ಕೃತಿಕ ಬದುಕಿನೊಂದಿಗೆ ಹಲವು ನೆಲೆಗಳಲ್ಲಿ ಮುಖಾಮುಖಿಯಾಗುತ್ತಿದೆ. ಮುಖಾಮುಖಿ ಎಂದರೆ ಇಲ್ಲಿ ಏನೆಂದು ಪ್ರಸ್ತುತ ಸಂಶೋಧಕನಿಗೂ ತಿಳಿಯದು. ವಿಚಾರ ಸಂಕಿರಣಗಳಲ್ಲಿ ಊಟದ ಗಂಟೆಯವರೆಗೆ ಕೂತು ಕೇಳಿಸಿಕೊಂಡ ಪದ. ಅದನ್ನು ಹಾಕದಿದ್ದರೆ ಪ್ರಬಂಧ ಎನಿಸಿಕೊಳ್ಳುವುದಿಲ್ಲ. ಈ ಶಾಸ್ತ್ರವನ್ನು ಊರಿನವರು ‘ಹೋಂವರ್ಕ್’ ಎನ್ನುತ್ತಾರೆ. ಅದರ ಫಲಶ್ರುತಿಗೆ ‘ಮಂಡೆಬೆಚ್ಚ’ ಎಂಬ ಪಾರಿಭಾಷಿಕ ಪದವಿದೆ.

ವ್ಯಾಪ್ತಿ ಮತ್ತು ಮಿತಿ: ಕ್ಷೇತ್ರಕಾರ್ಯವು ನಮ್ಮ ಮನೆಯ ಜಗಲಿಗೆ ಸೀಮಿತ. ಮಾಹಿತಿದಾರಳು ಒಬ್ಬಳೇ, ಆರನೆಯ ತರಗತಿಯ ಮೊಮ್ಮಗಳು. ಮೂರೇ ತಾಲೂಕು ಯಾಕೆ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಬಹುದು. ಉತ್ತರವಾಗಿ ಷಡಕ್ಷರೀ ಸಿದ್ಧಾಂತವನ್ನು ಮಂಡಿಸುತ್ತಿದ್ದೇನೆ. ಮೂರೂ ಊರಿನ ಹೆಸರಿಗೆ ಇಂಗ್ಲಿಷಿನಲ್ಲಿ ತಲಾ 6 ಅಕ್ಷರ. ಕನ್ನಡದಲ್ಲಿ ಪುತ್ತೂರಿಗೆ ಮೂರು, ಕಡಬಕ್ಕೆ ಮೂರು, ಸುಳ್ಯಕ್ಕೆ ಬರೀ ಎರಡು. ಎರಡು ಆರಾದದ್ದು ಹೇಗೆ? ಇಂಗ್ಲಿಷಿಗೆ ‘ಳ’ ಇಲ್ಲ. ಆ ಬಡತನ ಕಾಣದಿರಲೆಂದು ಎರಡು ‘ಎಲ್’ ಜೋಡಿಸಿದರು. ಇಲ್ಲದವನು ಮದುವೆಗೆ ಎರಡು ಶಾಲು ಹೊದ್ದು ಬಂದ ಹಾಗೆ.

ವರ್ಗೀಕರಣ: ದೀರ್ಘಪದಗಳಲ್ಲಿ ಏಳು ವಿಧ.

1. ಗಾತ್ರೈಕಪ್ರಯೋಜಕ ಪದಗಳು. ಇಂಗ್ಲಿಷ್ ನಿಘಂಟುಗಳಲ್ಲಿ ಅತ್ಯಂತ ಉದ್ದದ್ದು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನ್ಯೂಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೆನೊಕೊನಿಯೋಸಿಸ್ ಈ ವರ್ಗದ ಯಜಮಾನ. ಮೂಲದಲ್ಲಿ 45 ಅಕ್ಷರ; ನಾನು ಬೆರಳು ಮಡಚಿ ಎಣಿಸಿದಂತೆ ಕನ್ನಡದಲ್ಲಿ 21. ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಎಂದು ಅರ್ಥ. ಆದರೆ ಇದನ್ನು ಹೆತ್ತದ್ದು ವೈದ್ಯನೂ ಅಲ್ಲ, ರೋಗಿಯೂ ಅಲ್ಲ. 1935ರಲ್ಲಿ ಅಮೆರಿಕದ ಪದಬಂಧ ಪ್ರಿಯರ ಸಂಘದ ಅಧ್ಯಕ್ಷ ಎವೆರೆಟ್ ಸ್ಮಿತ್, ಎಲ್ಲಕ್ಕಿಂತ ಉದ್ದದ ಪದವೊಂದು ಇರಲಿ ಎಂದೇ ಕಟ್ಟಿದ್ದು. ಅವನ ತಮಾಷೆಗೆ ನಮ್ಮ ಜಗಲಿಯಲ್ಲಿ ಮಗು ಮೂರು ರಾತ್ರಿ ಅತ್ತಿದೆ.

2. ಸಾಂದ್ರಾಸೀನ ಪದಗಳು. ‘ಸ್ಟ್ರೆಂಗ್ತ್ಸ್’ಗೆ ಇಂಗ್ಲಿಷಿನಲ್ಲಿ 9 ಅಕ್ಷರ, ಸ್ವರ ಒಂದೇ. ಕನ್ನಡಕ್ಕೆ ಬಂದರೆ ಒಂಬತ್ತೂ ಮಂದಿ ಎರಡು ಸೀಟಿನಲ್ಲಿ ಒತ್ತಿ ಕೂತುಕೊಳ್ಳುತ್ತಾರೆ. ಇಬ್ಬರು ಬಾಗಿಲಿನಲ್ಲಿ ನೇತಾಡುತ್ತಾರೆ. ಗುತ್ತಿಗಾರಿನಿಂದ ಸುಬ್ರಹ್ಮಣ್ಯಕ್ಕೆ ಸರ್ವೀಸ್ ಜೀಪಿನಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

3. ಮೌನವ್ರತಿ ಪದಗಳು. ‘ನಾಲೆಡ್ಜ್’ ಉದಾಹರಣೆ. ಮುಂದುಗಡೆ ‘ಕೆ’ ಇದೆ, ಬಾಯಿ ಬಿಡುವುದಿಲ್ಲ. ಸಭೆಯ ಅಧ್ಯಕ್ಷರಂತೆ ಎತ್ತರದ ಕುರ್ಚಿಯಲ್ಲಿ ಕೂತಿರುತ್ತದೆ, ಅಷ್ಟೆ.

4. ಉಳಿದ ನಾಲ್ಕು ವರ್ಗಗಳಿಗೆ ಸಂಸ್ಕೃತದ ಹೆಸರುಗಳನ್ನು ಕೊಟ್ಟು ಇಟ್ಟಿದ್ದೆ. ಈಗ ಅವು ಬೇಡ. ವರ್ಗ ಮಾಡಿ ಮುಗಿಸುವ ವಿಷಯವಲ್ಲ ಇದು.

ನಡೆದದ್ದು ಇಷ್ಟು. ಕೆ, ಎಲ್, ಜಿ ಮೂರೂ ಇರುವ, ಏಳಕ್ಕಿಂತ ಹೆಚ್ಚು ಅಕ್ಷರಗಳ ಪದ ಬರೆದು ತರಬೇಕಿತ್ತು. ಆಟಿಯ ಮಳೆ. ನಾನು ಬೆಳಿಗ್ಗೆಯಿಂದ ತೋಟದಲ್ಲಿ ಉದುರಿದ ಎಳೆ ಅಡಿಕೆ ಹೆಕ್ಕಿ ಹೆಕ್ಕಿ ಬೇಸತ್ತು ಬಂದಿದ್ದೆ. ಮಗು ಕೇಳಿದಾಗ, ಬಾಯಲ್ಲಿ ಇದ್ದದ್ದೇ ಅದು, ‘ಕೊಳೆರೋಗ ಅಂತ ಬರೆ’ ಎಂದೆ. ಇಂಗ್ಲಿಷಿನಲ್ಲಿ 8 ಅಕ್ಷರ. ಕೆ ಉಂಟು, ಎಲ್ ಉಂಟು, ಜಿ ಉಂಟು. ಒಂದು ಅಕ್ಷರವೂ ಸುಮ್ಮನೆ ಕೂತಿಲ್ಲ, ಎಲ್ಲವೂ ದುಡಿಯುತ್ತವೆ.

ಮರುದಿನ ಕೆಂಪು ಗೆರೆ. ಪಕ್ಕದಲ್ಲಿ, ಇದು ಇಂಗ್ಲಿಷಲ್ಲ, ಮನೆಯ ಭಾಷೆ ಶಾಲೆಗೆ ತರಬಾರದು ಎಂದು ಷರಾ.

ಅಲ್ಲ ಮಾರಾಯರೆ, ಅದು ಇಂಗ್ಲಿಷೇ. ಅಮೆರಿಕದ ವೆಬ್‌ಸ್ಟರ್ ನಿಘಂಟಿನಲ್ಲಿ ಉಂಟು. ಕಾಫಿ ಗಿಡವನ್ನು ಕೊಳೆಸುವ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದೇ ಹೆಸರಿಟ್ಟ. ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ರೋಗದ ಮೇಲೆ ಬರೆದಾಗ ತಲೆಬರಹಕ್ಕೇ ಈ ಪದ ಹಾಕಿದ. ಅವರಿಬ್ಬರಿಗೆ ಸಾಕಾದದ್ದು ನಮ್ಮೂರ ಶಾಲೆಗೆ ಸಾಲಲಿಲ್ಲ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಬ್ಯಾರಿ, ಪುಸ್ತಕದಲ್ಲಿ ಕನ್ನಡ: ನಾಲ್ಕನ್ನು ತಡವರಿಸದೆ ಆಡುವ ಹುಡುಗಿ ಐದನೆಯದರಲ್ಲಿ ಒಂದು ಪದ ಸರಿಯಾಗಿ ಬರೆದದ್ದಕ್ಕೆ ತಲೆ ತಗ್ಗಿಸಿ ನಿಂತಳು. ಇದೇ ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ಕಾರಂತರು ಮಕ್ಕಳನ್ನು ಕಟ್ಟಿಕೊಂಡು ಕುಣಿದಿದ್ದರು. ‘ಬಾಲ ಪ್ರಪಂಚ’ದ ಮೂರು ಸಂಪುಟಗಳಲ್ಲಿ ಲೋಕವನ್ನೆಲ್ಲ ಕನ್ನಡದಲ್ಲಿ ಮಕ್ಕಳ ಮುಂದೆ ಇಟ್ಟಿದ್ದರು. ಈಗ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ಯುತ್ತಾರೆ. ಫೋಟೋ ತೆಗೆಯುತ್ತಾರೆ.

ಉದ್ದ ಪದಗಳಿಂದ ನಮಗೇನೂ ಆಗಿಲ್ಲ ಎನ್ನಲಾರೆ. ಅಡಿಕೆ ಕೊಳೆಸುವ ಜೀವಿಯ ಹೆಸರು ಫೈಟಾಫ್ತೊರ, 12 ಅಕ್ಷರ, ಅದರಲ್ಲಿ ಮೂರು ‘ಎಚ್’. ಗಿಡ ಕೊಲ್ಲುವುದು ಎಂದು ಗ್ರೀಕಿನ ಅರ್ಥ. ಅದಕ್ಕೆ ಮದ್ದಾದರೂ ಉಂಟು. ಸಂಪಾಜೆ, ಅರಂತೋಡು ಕಡೆ ತೋಟಗಳನ್ನೇ ಬೋಳು ಮಾಡಿದ ಹಳದಿ ಎಲೆ ರೋಗಕ್ಕೆ ಫೈಟೋಪ್ಲಾಸ್ಮಾ ಕಾರಣ ಎಂದು ಕಾಗದ ಕೊಟ್ಟಿದ್ದಾರೆ. ಮದ್ದು ಕೊಟ್ಟಿಲ್ಲ. ಆ ಹೆಸರನ್ನು ಸರಿಯಾಗಿ ಸ್ಪೆಲ್ ಮಾಡಿದರೆ ಒಂದು ಸೋಗೆ ಹಸಿರಾಗುವುದಾದರೆ ನಾನೂ ರಾತ್ರಿ ಹತ್ತರವರೆಗೆ ಕೂತು ಬಾಯಿಪಾಠ ಮಾಡುತ್ತಿದ್ದೆ.

ಶಾಲೆಯ ಸರಿಯುತ್ತರ ‘ನಾಲೆಡ್ಜ್’ ಅಂತೆ. ಹತ್ತು ಸಲ ಬರೆಯಬೇಕು. ಏಳನೆಯ ಸಲಕ್ಕೆ ಪೆನ್ನು ನಿಲ್ಲಿಸಿ, ‘ಅಜ್ಜ, ಈ ಕೆ ಎಂತಕ್ಕೆ?’ ಎಂದಳು. ನಾಳೆ ಮಳೆ ಬಿಟ್ಟರೆ ಮದ್ದು ಬಿಡುವವ ಬರುತ್ತೇನೆಂದಿದ್ದ. ನಾನು ಮೈಲುತುತ್ತ ತೂಗುತ್ತಿದ್ದೆ: ನೂರು ಲೀಟರು ನೀರಿಗೆ ಒಂದು ಕಿಲೋ, ಸುಣ್ಣವೂ ಅಷ್ಟೇ. ‘ಸುಮ್ಮನೆ ಬರೆ’ ಎಂದೆ.