ಬಾರದ ನೀರಿಗೆ ಯಾವ ಕಾಲ?

ನಲ್ಲಿ ನಿಂತದ್ದಕ್ಕಿಂತ, ನಿಂತದ್ದನ್ನು ಯಾವ ಕಾಲದಲ್ಲಿ ಹೇಳಬೇಕೆಂಬುದೇ ನನಗೆ ದೊಡ್ಡ ಚಿಂತೆಯಾಯಿತು. ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳಿಗೆ ದೂರು ಇಂಗ್ಲಿಷಿನಲ್ಲೇ ಹೋಗಬೇಕು. ಕನ್ನಡದಲ್ಲಾದರೆ ‘ನೋಡೋಣ ಬಿಡಿ ಸಾರ್’ ಎಂದು ಮುಗಿಸಿಬಿಡುತ್ತಾರೆ.

“ಎಷ್ಟೋ ದಿನದಿಂದ ನೀರು ಬರ್ತಿಲ್ಲ ಅಂತ ಬರೀರಿ, ಸಾಕು” ಎಂದಳು ಹೆಂಡತಿ, ಖಾಲಿ ಬಕೆಟ್ ಹಿಡಿದು.

ಸಾಕೇ? ಇಂಗ್ಲಿಷಿಗೆ ಹ್ಯಾಸ್ ಬೇಕು, ಬೀನ್ ಬೇಕು, ಬಾಲಕ್ಕೆ ಇಂಗ್ ಬೇಕು. ‘ದಿನದಿಂದ’ ಎಂದೊಡನೆ ಕೈ ಸಿನ್ಸ್ ಕಡೆ ಜಾರುತ್ತದೆ. ಆದರೆ ಸೋಮವಾರದಿಂದಾದರೆ ಸಿನ್ಸ್, ಎಷ್ಟೋ ದಿನದಿಂದಾದರೆ ಫಾರ್. ಅಟ್ಟದಿಂದ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಇಳಿಸಿದೆ. (1924ರಲ್ಲಿ ಮರುಭೂಮಿಯ ಸೈನಿಕರ ಕಥೆ ‘ಬೋ ಜೆಸ್ಟ್’ ಬರೆದ ಪಿ. ಸಿ. ರೆನ್ ಇವರೇ. ನೀರಿಲ್ಲದವರ ಪಾಡು ಬಲ್ಲವರು.)

‘ವಾಟರ್ ಹ್ಯಾಸ್ ನಾಟ್ ಬೀನ್ ಕಮಿಂಗ್’ ಎಂದು ಬರೆದೆನೋ ಇಲ್ಲವೋ, ನಲ್ಲಿ ಗೊರಗೊರ ಕೆಮ್ಮಿ ನೀರು ಬಂದೇಬಿಟ್ಟಿತು! ಅವಳು ಬಕೆಟ್ ಇಟ್ಟಳು. ನಾನು ಹ್ಯಾಸ್ ಹೊಡೆದುಹಾಕಿ ಹ್ಯಾಡ್ ಇಟ್ಟೆ. ಅರ್ಧ ತುಂಬುವಷ್ಟರಲ್ಲಿ ನೀರು ನಿಂತಿತು. ಹ್ಯಾಡ್ ಹೋಗಿ ಹ್ಯಾಸ್ ಬಂತು. ಆದರೆ ನಡುವೆ ಬಂದ ಆ ಅರ್ಧ ಬಕೆಟ್ಟಿಗೆ ಏನು ಗತಿ? ನನ್ನ ವಾಕ್ಯಕ್ಕೆ ಅಖಂಡವಾದ ಬಾರದಿರುವಿಕೆ ಬೇಕಿತ್ತು.

“ಈ ನೀರನ್ನ ವಾಪಸ್ ಕಳಿಸ್ಲಾ?” ಎಂದಳು.

ಇನ್ನು ‘ದಿ’. ವಾಟರೋ, ದಿ ವಾಟರೋ? ಇಂಗ್ಲಿಷಿನಲ್ಲಿ ನೀರಿಗೂ ಅಂತಸ್ತುಂಟು: ನದಿಗೆ ದಿ ಬೇಕು, ‘ಲೇಕ್’ ಎಂದು ಶುರುವಾಗುವ ಸರೋವರಕ್ಕೆ ಬೇಡ, ಸಮುದ್ರಕ್ಕೆ ಬೇಕು. ಸ್ವಿಟ್ಜರ್ಲೆಂಡಿನ ರೋನ್ ನದಿ ದಿ ತೊಟ್ಟು ಹರಿದುಬಂದು, ಲೇಕ್ ಜಿನೀವಾದ ದಡದಲ್ಲಿ ಅದನ್ನು ಕಳಚಿ ಇಳಿಯುತ್ತದೆ. ಜಿನೀವಾ ಪಟ್ಟಣದ ಹತ್ತಿರ ಹೊರಬರುವಾಗ ಮತ್ತೆ ತೊಟ್ಟು, ಮೆಡಿಟರೇನಿಯನ್‌ವರೆಗೂ ಮರ್ಯಾದೆಯಿಂದ ಹೋಗುತ್ತದೆ. ನಮ್ಮ ನಲ್ಲಿಯ ಅರ್ಧ ಬಕೆಟ್ ನೀರಿಗೆ ಯಾವ ಉಡುಪು? ಇಂಥ ಪ್ರಶ್ನೆ ಸಿಕ್ಕರೆ ನನಗೆ ಊಟವೂ ಬೇಡ.

ದೂರು ಹಿಡಿದು ಕೆಳಗಿಳಿದರೆ ನೋಟಿಸ್ ಬೋರ್ಡಿನಲ್ಲಿ ಪಂಪ್ ನೋಡಿಕೊಳ್ಳುವ ಹುಡುಗ ಆಗಲೇ ಬರೆದಿದ್ದ: ‘ಮೋಟರ್ ಸ್ಟಾಪಿಂಗ್ ಸ್ಟಾಪಿಂಗ್’. ನಿಂತು ನಿಂತು ಓಡುವ ಮೋಟರನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನ್ನ ಹ್ಯಾಸ್‌ಗೂ ಆಗಿರಲಿಲ್ಲ, ಹ್ಯಾಡ್‌ಗೂ ಆಗಿರಲಿಲ್ಲ. ಕಾರ್ಯದರ್ಶಿಗಳು ಅದರ ಮೇಲೆ ಕೆಂಪು ಶಾಯಿಯಲ್ಲಿ ‘ದಿ’ ಸೇರಿಸಿ, ‘ಈಸ್’ ತುರುಕಿ, ಎರಡನೆಯ ಸ್ಟಾಪಿಂಗ್ ಹೊಡೆದುಹಾಕಿದ್ದರು. ಹುಡುಗ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ.

“ರಿಪೇರಿಯವನಿಗೆ ಫೋನ್ ಮಾಡಿದ್ರಾ ಸಾರ್?” ಎಂದು ಕನ್ನಡದಲ್ಲೇ ಕೇಳಿದೆ.

“ನೋಡೋಣ ಬಿಡಿ ಸಾರ್” ಎಂದರು.